ಆರನೇ ಬಾಗಿಲ ಬೋರ್ಡು

ಊರಿನ ಪುಸ್ತಕಗಳನ್ನೆಲ್ಲ ಇಟ್ಟಿರುವ ನಮ್ಮ ದಫ್ತರಮನೆಯಲ್ಲಿ ನಲವತ್ತೊಂದು ಬಾಗಿಲುಗಳಿವೆ. ನಲವತ್ತೊಂದಕ್ಕೂ ಬೋರ್ಡು ಬರೆದವಳು ನಾನು. ಹನ್ನೊಂದು ವರ್ಷದಲ್ಲಿ ಒಬ್ಬರೇ ಒಬ್ಬರು ಭೇಷ್ ಅಂದದ್ದಿಲ್ಲ. ‘ಉದ್ದ ಆಯ್ತು’ ಅಂದವರು ಮಾತ್ರ ಊರು ತುಂಬ ಇದ್ದಾರೆ. ಅವರಲ್ಲಿ ಮೊದಲನೆಯವರು ದಫ್ತರದ ಯಜಮಾನರಾದ ಆರಾಧ್ಯರು. “ದಾಕ್ಷಾಯಣಮ್ಮನೋರೇ, ಬೋರ್ಡು ಅಂದ್ರೆ ನಾಲ್ಕು ಪದ ಇರ್ಬೇಕು. ನೀವು ಪುರಾಣ ಬರೀತೀರಲ್ರೀ! ಎಲ್ಲರಿಗೂ ಗೊತ್ತಿರೋದನ್ನ ಬರೆದು ಹಲಗೆ ಯಾಕೆ ಹಾಳು ಮಾಡ್ತೀರಿ?” ಅನ್ನುವುದು ಅವರ ದಿನನಿತ್ಯದ ಸುಪ್ರಭಾತ. ಎಲ್ಲರಿಗೂ ಅಂದರೆ ಯಾರಿಗೆ ಸ್ವಾಮಿ ಎಂದು ನಾನು ಕೇಳುತ್ತೇನೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಬೇರೆ ಕಡೆ ನೋಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಬೋರ್ಡು ಓದುವವರು ಊರಿನವರಲ್ಲ, ಏಜೆಂಟರು. ಊರಿನವರು ಮುಟ್ಟಿದರೆ ಆ ಬಾಗಿಲುಗಳು ತೆರೆಯುವುದೇ ಇಲ್ಲ. ಯಾರಿಗೆ ಏನು ತಿಳಿಯಬೇಕಿದ್ದರೂ ಜಗುಲಿಯ ಗಂಟೆ ಬಾರಿಸಬೇಕು. ಬಾರಿಸಿದ ಕೂಡಲೇ ಕಂಬದ ಹಿಂದಿನಿಂದ ಬಿಳಿ ಅಂಗಿಯ ಏಜೆಂಟ ಬರುತ್ತಾನೆ, ಚೀಟಿಯಲ್ಲಿ ಬರೆದ ಪ್ರಶ್ನೆ ಓದಿಕೊಳ್ಳುತ್ತಾನೆ, “ಖಂಡಿತ!” ಅನ್ನುತ್ತಾನೆ. ಆಮೇಲೆ ಬೋರ್ಡುಗಳನ್ನು ಸಾಲಾಗಿ ನೋಡಿ, ತನಗೆ ಸರಿ ಕಂಡ ಬಾಗಿಲು ತೆರೆದು ಒಳಗೆ ಹೋಗಿ, ಉತ್ತರ ತಂದುಕೊಟ್ಟು ಹೊರಟುಬಿಡುತ್ತಾನೆ. ಮತ್ತೆ ಗಂಟೆ ಬಾರಿಸಿದರೆ ಬರುವವನು ಬೇರೆಯವನು. ಹಿಂದಿನವನು ಕಂಡದ್ದು ಇವನಿಗೆ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳಬಹುದು, ದಾರಿ ಹೇಳುವಂತಿಲ್ಲ. ‘ಹನ್ನೆರಡನೇ ಬಾಗಿಲಿಗೆ ಹೋಗಪ್ಪ’ ಎಂದು ಗಂಟಲು ಹರಿಯುವ ಹಾಗೆ ಕೂಗಿದರೂ ಅವನ ಕಿವಿಗೆ ಬೀಳುವುದಿಲ್ಲ, ಚೀಟಿಯಲ್ಲಿ ಬರೆದುಕೊಟ್ಟರೂ ಕಣ್ಣಿಗೆ ಬೀಳುವುದಿಲ್ಲ. ಬಾಗಿಲ ಮೇಲೆ ಬರೆದಿದ್ದರೆ ಮಾತ್ರ ದಾರಿ.

ಏಜೆಂಟರು ದಡ್ಡರು ಎಂದು ಊರಿನವರು ಬೈಯುತ್ತಾರೆ. ನನಗೆ ಮೈ ಉರಿಯುತ್ತದೆ. ಅವರಿಗೆ ಬುದ್ಧಿ ಬೇಕಾದಷ್ಟಿದೆ. ಗ್ರಹಣ ಯಾಕಾಗುತ್ತದೆ ಎಂದು ಕೇಳಿ, ನಿಂತಲ್ಲೇ ಹೇಳುತ್ತಾರೆ. ಗೊತ್ತಿಲ್ಲದ್ದು ನಮ್ಮೂರು ಒಂದೇ. ನಮ್ಮ ಪುಸ್ತಕಗಳಲ್ಲಿ ವರ್ಷವನ್ನು ಹೊಳೆ ಬಂದ ವರ್ಷದಿಂದ ಎಣಿಸುತ್ತೇವೆ ಎಂದು ಯಾರೂ ಹೇಳದಿದ್ದರೆ ಆ ಪುಣ್ಯಾತ್ಮರಿಗೆ ಕನಸು ಬೀಳಬೇಕೇ? ನಾನು ಬರುವುದಕ್ಕೆ ಮೊದಲು ಒಂಬತ್ತನೇ ಬಾಗಿಲ ಮೇಲೆ ‘ನೀರಿನ ಪುಸ್ತಕ’ ಎಂದಿತ್ತು, ಹತ್ತರ ಮೇಲೆ ‘ನೀರಿನ ವಿವರ’ ಎಂದಿತ್ತು. ಒಂದರಲ್ಲಿ ಯಾರ ಗದ್ದೆಗೆ ಯಾವತ್ತು ನೀರು ಬಿಡಬೇಕು ಎಂಬುದು, ಇನ್ನೊಂದರಲ್ಲಿ ಯಾವ ಬಾವಿಯ ನೀರು ಕುಡಿಯಬಹುದು ಎಂಬುದು. ಏಜೆಂಟ ಪಾಪ ಯಾವುದಕ್ಕೆ ಹೋಗಬೇಕು? ಮೂವತ್ತನೇ ಬಾಗಿಲಿನದ್ದು ಇನ್ನೂ ಚೆಂದ. ಆ ಕೋಣೆಗೆ ಒಂದು ಹೆಸರು ಒಯ್ದರೆ ಆ ಹೆಸರು ಎಲ್ಲ ಪುಸ್ತಕದಿಂದಲೂ ಅಳಿಸಿಹೋಗುತ್ತದೆ. ಅದರ ಮೇಲೆ ಬರೆದದ್ದು ‘ಹೆಸರುಗಳ ಕೋಣೆ’ ಎಂದಷ್ಟೇ! ಹಾಗೆ ಯಾರೋ ಗೊಂಬೆ ಮಾಡುವ ಸಾಕಮ್ಮನ ವಿಳಾಸ ಕೇಳಿದ್ದಕ್ಕೆ ಅವಳ ಹೆಸರೇ ಅಳಿಸಿಹೋಗಿ, ಎಲ್ಲ ಪುಸ್ತಕದಲ್ಲೂ ಹೊಸದಾಗಿ ಬರೆಸಿಕೊಳ್ಳುವಷ್ಟರಲ್ಲಿ ಎರಡು ವರ್ಷವಾಯಿತು. ಈಗ ಅಲ್ಲಿ ಕೆಂಪು ಅಂಚು ಕಟ್ಟಿ, ‘ಇಲ್ಲಿ ಮಾಡಿದ್ದನ್ನು ತಿರುಗಿ ಸರಿಮಾಡಲು ಆಗುವುದಿಲ್ಲ. ಕೇಳಿದವರಿಂದ ಎರಡು ಸಲ ಹೌದು ಅನ್ನಿಸಿಕೊಂಡೇ ಒಳಗೆ ಹೋಗು’ ಎಂದು ಬರೆದಿದ್ದೇನೆ. ಆರಾಧ್ಯರು ಅದನ್ನೂ ಉದ್ದ ಅಂದರು.

ನನ್ನದೊಂದು ಪದ್ಧತಿಯಿದೆ. ಬೋರ್ಡನ್ನು ಮೊದಲು ಕಾಗದದಲ್ಲಿ ಬರೆದು, ದಫ್ತರದ ಎದುರಿನ ಬಸ್ ಸ್ಟಾಂಡಿಗೆ ಹೋಗಿ, ನಮ್ಮೂರಿಗೆ ಮೊದಲ ಸಲ ಬಂದಿಳಿದವರನ್ನು ಹಿಡಿದು ಓದುತ್ತೇನೆ. ಓದಿ ಮೂರು ಪ್ರಶ್ನೆ ಕೇಳುತ್ತೇನೆ. ಈ ಬಾಗಿಲಿಗೆ ಯಾವಾಗ ಹೋಗುತ್ತೀರಿ? ಒಳಗೆ ಏನು ಕೊಟ್ಟು ಏನು ತರುತ್ತೀರಿ? ಸಿಗದಿದ್ದರೆ ಬಂದು ಏನು ಹೇಳುತ್ತೀರಿ? ಅವರು ತಡವರಿಸಿದರೆ ತಪ್ಪು ನನ್ನದು, ವಾಪಸ್ಸು ಬಂದು ತಿದ್ದುತ್ತೇನೆ. ಊರಿನವರಿಗೆ ಮಾತ್ರ ಓದುವುದಿಲ್ಲ. ಊರಿನವರಿಗೆ ಬರೀ ಖಾಲಿ ಹಲಗೆ ತೋರಿಸಿದರೂ ಅರ್ಥವಾಗುತ್ತದೆ.

ಇಷ್ಟು ಜಂಬ ಕೊಚ್ಚಿಕೊಂಡ ಮೇಲೆ ಬುಡೇನನ ವಿಷಯ ಹೇಳಬೇಕು.

ಬುಡೇನ್ ಸಾಬ್ ನನ್ನ ಬೋರ್ಡುಗಳಿಗೆ ಬಣ್ಣ ಕಲಸಿಕೊಡುವವನು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ನಾಲೆ ಆಚೆಯ ಬಡಾವಣೆಯಲ್ಲಿ ಮನೆ. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು, ಮಗಳು ಗಂಡನ ಊರಿನಲ್ಲಿದ್ದಾಳೆ. ಅವನ ಕಪ್ಪು ಬಣ್ಣ ಮಳೆಗೂ ಜಗ್ಗುವುದಿಲ್ಲ, ಬಿಸಿಲಿಗೂ ಬಗ್ಗುವುದಿಲ್ಲ, ಒಣಗುವುದಕ್ಕೆ ಮಾತ್ರ ಅರ್ಧ ದಿನ. “ನಿಮ್ಮ ಅಕ್ಷರ ನೂರು ವರ್ಷ ಇರ್ಬೇಕಾ, ಬೇಡ್ವಾ ಅಕ್ಕ?” ಎಂದು ನನ್ನನ್ನೇ ದಬಾಯಿಸುತ್ತಾನೆ. ಹನ್ನೊಂದು ವರ್ಷದಲ್ಲಿ ನಾವು ಜಗಳವಾಡದ ದಿನವಿಲ್ಲ, ಒಟ್ಟಿಗೆ ಚಹಾ ಕುಡಿಯದ ದಿನವೂ ಇಲ್ಲ.

ಮೊನ್ನೆ ಶ್ರಾವಣದಲ್ಲಿ ಬಣ್ಣದ ಡಬ್ಬದ ತಗಡು ಅವನ ಕಾಲು ಕೊಯ್ದಿತು. ಆಸ್ಪತ್ರೆಗೆ ಹೋಗೋ ಎಂದೆ. ಅರಿಸಿನ ಮೆತ್ತಿಕೊಂಡು “ಇದೇನು ಮಹಾ” ಅಂದ. ನಾಲ್ಕನೇ ದಿನ ಕೆಲಸಕ್ಕೆ ಬರಲಿಲ್ಲ. ಐದನೇ ದಿನ ಬೆಳಿಗ್ಗೆ, ಬುಡೇನನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದಾರೆ ಎಂದು ಚಹಾದಂಗಡಿಯಲ್ಲಿ ಕೇಳಿ, ಕುಡಿಯುತ್ತಿದ್ದ ಲೋಟ ಅಲ್ಲೇ ಇಟ್ಟು ಓಡಿದೆ.

ಕಾಲು ಮೊಳಕಾಲಿನ ತನಕ ಊದಿ ಕಪ್ಪಗಾಗಿತ್ತು. ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲ, ಸತ್ತುಹೋದ ಅಮ್ಮನನ್ನು ಕರೆಯುತ್ತಿದ್ದ. ಫಿಲೋಮಿನಾ ಸಿಸ್ಟರ್ ಸೂಜಿ ಸಿದ್ಧಮಾಡುತ್ತಿದ್ದರು. ಅವರ ಕೈ ಹಿಡಿದೆ.

“ಸಿಸ್ಟರ್, ತಡೀರಿ. ಇವನಿಗೆ ಯಾವುದೋ ಒಂದು ಇಂಜೆಕ್ಷನ್ ಆಗಲ್ಲ. ಚಿಕ್ಕೋನಿದ್ದಾಗ ಚುಚ್ಚಿಸಿಕೊಂಡು ಗಂಟಲು ಕಟ್ಟಿ ಸಾಯೋ ಹಾಗಾಗಿದ್ದನಂತೆ. ನನ್ಹತ್ರ ಹೇಳಿದ್ದಾನೆ.”

“ಯಾವ ಇಂಜೆಕ್ಷನ್ನು?”

ಅವನು ಅವತ್ತು ಹೆಸರು ಹೇಳಿದ್ದನೋ ಇಲ್ಲವೋ ನೆನಪಾಗಲಿಲ್ಲ.

ಸಿಸ್ಟರ್ ಸಮಾಧಾನದ ಹೆಂಗಸು. ಮೇಜಿನ ಮೇಲಿದ್ದ ಚೀಟಿ ತೆಗೆದು ತೋರಿಸಿದರು. “ಡಾಕ್ಟ್ರು ಪೆನ್ಸಿಲಿನ್ ಬರೆದುಕೊಟ್ಟು ಪಕ್ಕದೂರಿಗೆ ಹೋದ್ರು. ನಾನೂ ಸುಮ್ನೆ ಚುಚ್ಚೋಳಲ್ಲಮ್ಮ. ಆಯಾನ ಕಳ್ಸಿ ದಫ್ತರದಲ್ಲಿ ಕೇಳಿಸಿದೀನಿ. ನೋಡಿ.”

ಏಜೆಂಟನ ದುಂಡು ಅಕ್ಷರ. ‘ಖಂಡಿತ. ಬುಡೇನ್ ಸಾಬ್, ತಂದೆ ಮಸ್ತಾನ್ ಸಾಬ್: ಇವರಿಗೆ ಒಗ್ಗದ ಔಷಧಿ ಯಾವುದೂ ಇಲ್ಲ. ನೋಡಿದ್ದು: ಆರನೇ ಕೋಣೆ.’

“ಇದು ಸುಳ್ಳು” ಎಂದೆ.

“ಸುಳ್ಳೋ ನಿಜವೋ, ನನ್ನ ಕಪಾಟಿನಲ್ಲಿರೋದು ಎರಡೇ ಥರ ಔಷಧಿ. ಯಾವುದು ಆಗಲ್ಲ ಅಂತ ನೀವು ಹೇಳ್ತಿಲ್ಲ. ಕಣ್ಣುಮುಚ್ಚಿ ಒಂದನ್ನ ಚುಚ್ಚಲಾ? ಏನೂ ಕೊಡದೇ ಇದ್ರೆ ವಿಷ ಮೇಲಕ್ಕೇರಿ ಸಂಜೆ ಹೊತ್ತಿಗೆ ಹೋಗ್ಬಿಡ್ತಾರೆ.” ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ಗಂಟೆ ಐದು ನಿಮಿಷ. “ಹನ್ನೆರಡರ ತನಕ ಕಾಯ್ತೀನಿ. ಆಮೇಲೆ ದೇವರಿಟ್ಟ ಹಾಗೆ.” ಇನ್ನೊಂದು ಚೀಟಿಯಲ್ಲಿ ಪ್ರಶ್ನೆ ಬರೆದು, ಆಸ್ಪತ್ರೆಯ ಮೊಹರು ಒತ್ತಿ ಕೈಗಿಟ್ಟರು.

ದಾರಿಯುದ್ದಕ್ಕೂ ಆ ಏಜೆಂಟನಿಗೆ ಹಿಡಿಶಾಪ ಹಾಕಿದೆ. ‘ಇಲ್ಲ’ ಅಂತಾನಲ್ಲ! ಎಷ್ಟು ಧೈರ್ಯ! ಹುಡುಕಿದೆ, ಸಿಗಲಿಲ್ಲ ಎಂದಿದ್ದರೆ ಬಾಯಲ್ಲಿ ಹುಣ್ಣಾಗುತ್ತಿತ್ತೇ? ದಫ್ತರಮನೆಯ ಮೆಟ್ಟಿಲು ಹತ್ತಿ, ಆರನೇ ಬಾಗಿಲ ಮುಂದೆ ಏದುಸಿರು ಬಿಡುತ್ತ ನಿಂತು, ನನ್ನ ಕೈಬರಹವನ್ನೇ ಓದಿದೆ. ‘ಊರಿನ ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಇಲ್ಲಿದೆ. ಹೆಸರು, ತಂದೆಯ ಹೆಸರು ಕೊಟ್ಟು ಹುಡುಕು. ಬರೆದದ್ದನ್ನು ಬರೆದ ಹಾಗೆಯೇ ತಾ.’

ಅಲ್ಲೇ ಕೂತುಬಿಟ್ಟೆ. ನಾಲೆ ಆಚೆಯ ಬಡಾವಣೆ ಊರಿಗೆ ಸೇರಿದ್ದು ಆರು ವರ್ಷದ ಹಿಂದೆ. ಅಲ್ಲಿಯವರ ಜನನ, ಮರಣ, ಮದುವೆ, ಔಷಧಿ, ಎಲ್ಲ ಪುಸ್ತಕವೂ ಹದಿನೇಳನೇ ಕೋಣೆಯಲ್ಲಿವೆ. ಹದಿನೇಳರ ಬೋರ್ಡಿನಲ್ಲಿ ಅದನ್ನು ಸೊಗಸಾಗಿ ಬರೆದಿದ್ದೇನೆ. ಆರರ ಬೋರ್ಡಿನಲ್ಲಿ ಮಾತ್ರ ‘ಇಲ್ಲಿ ನಾಲೆ ಆಚೆಯವರದು ಇಲ್ಲ’ ಎಂಬ ಒಂದು ಸಾಲು ಇಲ್ಲ. ಏಜೆಂಟನಿಗೆ ಬುಡೇನನ ಮನೆ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ‘ಊರಿನ ಯಾರಿಗೆ’ ಎಂದು ನಾನೇ ಬರೆದಿದ್ದೆ. ನಂಬಿದ, ಹೋದ, ಹುಡುಕಿದ, ಹೆಸರು ಸಿಗಲಿಲ್ಲ, ಹಾಗಾದರೆ ಒಗ್ಗದ ಔಷಧಿ ಇಲ್ಲ ಅಂದುಕೊಂಡ. ಆರಾಧ್ಯರಲ್ಲ, ಊರಿನವರಲ್ಲ, ಏಜೆಂಟನೂ ಅಲ್ಲ. ಎಲ್ಲರಿಗೂ ಗೊತ್ತಿದೆ ಎಂದು ಬಿಟ್ಟವಳು ನಾನು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಅಷ್ಟೇ ಆಗಿದ್ದರೂ ಸಾಲದೇ! ಈ ಬೋರ್ಡನ್ನು ಯಾರಿಗೆ ಓದಿ ನೋಡಿದ್ದೆ ಎಂಬುದೂ ನೆನಪಾಯಿತು. ಎರಡು ತಿಂಗಳ ಹಿಂದೆ ಹಳೆಯ ಬೋರ್ಡುಗಳನ್ನೆಲ್ಲ ಹೊಸದಾಗಿ ಬರೆದಾಗ, ಇದರ ಸರದಿ ಬಂದ ದಿನ ಬಸ್ಸು ಕೆಟ್ಟು ಬಂದಿರಲಿಲ್ಲ. ಪಕ್ಕದಲ್ಲೇ ಕೂತು ಬಣ್ಣ ಕಲಸುತ್ತಿದ್ದ ಬುಡೇನನಿಗೇ ಓದಿದೆ. “ಅಚ್ಚುಕಟ್ಟಾಗಿದೆ ಅಕ್ಕ, ಇನ್ನೇನು ಬೇಕು?” ಅಂದ. ನಾನು ಕುಂಚ ಅದ್ದಿದೆ.

ಎದ್ದೆ. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಹಲಗೆ ಬಾಗಿಲಿನಿಂದ ಕಳಚಿದ ಸದ್ದು ಕೇಳಿ ಆರಾಧ್ಯರು ಒಳಗಿನಿಂದ ಬಂದರು.

“ಏನಮ್ಮಾ ಇದು? ಬೋರ್ಡು ತಿದ್ದೋಕೆ ಅರ್ಜಿ ಕೊಡ್ಬೇಕು, ನಾನು ಸಹಿ ಹಾಕ್ಬೇಕು, ಸೋಮವಾರ...”

“ಬುಡೇನ್ ಸಾಯ್ತಾನೆ ಕಣ್ರೀ, ಸೋಮವಾರದ ತನಕ ಕಾಯ್ತಾನಾ?”

ವಿಷಯ ಹೇಳಿದೆ. ಆರಾಧ್ಯರ ಮುಖ ಬಿಳಿಚಿಕೊಂಡಿತು. ಮನುಷ್ಯ ಕೆಟ್ಟವರಲ್ಲ, ಉದ್ದ ಕಂಡರಾಗುವುದಿಲ್ಲ ಅಷ್ಟೇ. “ಹಾಗಾದ್ರೆ ಬೇಗ ಬರೀರಿ. ‘ನಾಲೆ ಆಚೆಯವರದು ಹದಿನೇಳನೇ ಕೋಣೆಯಲ್ಲಿ’, ನಾಲ್ಕೇ ಪದ, ಆಯ್ತಲ್ಲ!” ಎಂದರು.

ಬರೆಯಲು ಬಣ್ಣವಿಲ್ಲ. ಬಣ್ಣ ಕಲಸುವವನು ಮಂಚದ ಮೇಲಿದ್ದಾನೆ, ಕಲಸಿದ್ದರೂ ಅವನ ಬಣ್ಣ ಒಣಗುವ ಹೊತ್ತಿಗೆ ಸಂಜೆಯಾಗುತ್ತದೆ. ಚಹಾದಂಗಡಿಯ ಒಲೆಯಿಂದ ಇದ್ದಿಲು ತಂದೆ, ಹಲಗೆಯ ಕೆಳಗಿನ ಖಾಲಿ ಜಾಗದಲ್ಲಿ ಆರಾಧ್ಯರು ಹೇಳಿದ ಹಾಗೇ ಬರೆದೆ. ಗಂಟೆಯ ಹಗ್ಗಕ್ಕೆ ಕೈ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆರಾಧ್ಯರಿಗೂ ಆಗುತ್ತಿತ್ತು. ಅದಕ್ಕೇ ಹೆದರಿಕೆಯಾಯಿತು. ಎದುರಿಗೆ ಹನ್ನೊಂದೂವರೆಯ ಬಸ್ಸು ಬಂದು ನಿಂತ ಹಾರನ್ನು ಕೇಳಿಸಿತು.

ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. “ಎಲ್ಲಿಗ್ರೀ? ಟೈಮಿಲ್ಲ!” ಎಂದು ಆರಾಧ್ಯರು ಕೂಗುತ್ತಿದ್ದರು. ಬಸ್ಸಿನಿಂದ ಒಬ್ಬ ಹೆಂಗಸು ಎರಡು ಚೀಲ, ಒಂದು ಪ್ಲಾಸ್ಟಿಕ್ ಬಿಂದಿಗೆ ಹಿಡಿದುಕೊಂಡು ಇಳಿಯುತ್ತಿದ್ದಳು. ಅವಳ ಬಿಂದಿಗೆ ಹಿಡಿದು ನಿಲ್ಲಿಸಿದೆ.

“ನಮ್ಮೂರಿಗೆ ಹೊಸಬರಾ ತಾಯಿ?”

“ಹೂಂ. ಬಿಂದಿಗೆ ಬಿಡಮ್ಮ.”

“ಇದನ್ನ ಓದಿ. ಬುಡೇನ್ ಸಾಬ್ ಅನ್ನೋನಿಗೆ ಯಾವ ಔಷಧಿ ಆಗಲ್ಲ ಅಂತ ಹುಡುಕ್ಬೇಕು. ನೀವಾದ್ರೆ ಎಲ್ಲಿಗೆ ಹೋಗ್ತೀರಿ?”

ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಳೋ ಏನೋ, ಆದರೂ ಓದಿದಳು. “ಈ ಬಾಗಿಲಿಗೆ ಹೋಗ್ತೀನಿ.”

“ಅಲ್ಲಿ ಅವನ ಹೆಸರಿಲ್ಲ.”

“ಇಲ್ಲಾಂದ್ರೆ ಇಲ್ಲ ಅಂತೀನಿ.”

“ಹದಿನೇಳಕ್ಕೆ ಹೋಗಲ್ವಾ? ಬರೆದಿದೆಯಲ್ಲ ಇಲ್ಲಿ!”

“ಹೋಗೋಕೆ ಅವನು ನಾಲೆ ಆಚೆಯವನೋ ಈಚೆಯವನೋ ನಂಗೆ ಹೆಂಗೆ ಗೊತ್ತಾಗ್ಬೇಕು? ನನ್ನ ಅಣ್ಣನಾ, ತಮ್ಮನಾ? ಅಲ್ಲಮ್ಮ, ಅದ್ಯಾವ ನಾಲೆ? ಬರ್ತಾ ಮೂರು ನಾಲೆ ದಾಟ್ಕೊಂಡು ಬಂದಿದೀನಿ. ಸಿಗದೇ ಇದ್ರೆ ಇಂಥ ಕಡೆ ಹೋಗು ಅಂತ ನೆಟ್ಟಗೆ ಬರೆಯೋಕೆ ಏನು ಧಾಡಿ ನಿಮಗೆ?”

ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಅಲ್ಲೇ ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಹಲಗೆಯಿಟ್ಟು, ಸೆರಗಿನಿಂದ ಇದ್ದಿಲು ಒರೆಸಿ ಹೊಸದಾಗಿ ಬರೆದೆ. ‘ಈ ಕೋಣೆಯಲ್ಲಿ ಊರಿನ ಎಲ್ಲರ ವಿವರ ಇಲ್ಲ. ಇಲ್ಲಿ ಹೆಸರು ಸಿಗದಿದ್ದರೆ ಆ ವ್ಯಕ್ತಿಗೆ ಎಲ್ಲ ಔಷಧಿಯೂ ಒಗ್ಗುತ್ತದೆ ಎಂದು ಅರ್ಥವಲ್ಲ. ಸಿಗದಿದ್ದರೆ, ಯಾರ ಹೆಸರೇ ಆಗಿರಲಿ, ಹದಿನೇಳನೇ ಬಾಗಿಲಿಗೆ ಹೋಗಿ ಅದೇ ಹೆಸರು ಹುಡುಕು. ಅಲ್ಲಿಯೂ ಸಿಗದಿದ್ದರೆ, ಎರಡೂ ಕಡೆ ನೋಡಿದೆ, ಸಿಗಲಿಲ್ಲ, ಮನೆಯವರನ್ನು ಕೇಳಿ ಎಂದು ಹೇಳು. ಇಲ್ಲ ಎಂದು ಹೇಳಬೇಡ.’

ಹೆಂಗಸು ಚೀಲ ಕೆಳಗಿಟ್ಟು ಪೂರ್ತಿ ಓದಿದಳು. “ಈಗ ಸರಿ. ಮೊದಲು ಇಲ್ಲಿ, ಸಿಗದಿದ್ರೆ ಹದಿನೇಳು, ಅಲ್ಲೂ ಸಿಗದಿದ್ರೆ ಮನೆಯವರು. ಯಾರಮ್ಮ ಅದು, ನಿನ್ನ ತಮ್ಮನಾ?”

“ಹೂಂ” ಎಂದು ಓಡಿದೆ.

ಹಲಗೆ ನೇತುಹಾಕುವ ಅವಸರದಲ್ಲಿ ಮೊಳೆ ಎರಡು ಸಲ ತಪ್ಪಿತು. ಆರಾಧ್ಯರೇ ಕೆಳಗಿನಿಂದ ಹಲಗೆ ಹಿಡಿದುಕೊಂಡರು. ಅಷ್ಟುದ್ದ ಬರೆದದ್ದನ್ನು ಮೇಲಿನಿಂದ ಕೆಳಗಿನ ತನಕ ಓದಿ, “ಹೂಂ, ಬಾರಿಸ್ರೀ” ಎಂದರು. ಗಂಟೆ ಬಾರಿಸಿದೆ. ಕಂಬದ ಹಿಂದಿನಿಂದ ಏಜೆಂಟ ಬಂದ. ಚೀಟಿ ಓದಿ “ಖಂಡಿತ!” ಅಂದ. ಅವನು ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಬರುವಾಗ ನನಗೆ ಅವನ ಕತ್ತು ಹಿಡಿದು ದಬ್ಬಬೇಕು ಅನ್ನಿಸುತ್ತಿತ್ತು. ಆರನೇ ಬಾಗಿಲ ಮುಂದೆ ನಿಂತ, ಒಳಗೆ ಹೋದ, ಹೊರಗೆ ಬಂದ. ಬರಿಗೈ. ಮತ್ತೆ ಬೋರ್ಡಿನ ಕಡೆ ನೋಡಿದ. ಆಮೇಲೆ ಜಗುಲಿಯುದ್ದಕ್ಕೂ ನಡೆದು ಹದಿನೇಳನೇ ಬಾಗಿಲು ತೆರೆದ. ಆರಾಧ್ಯರು ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅವರಿಗೇ ಗೊತ್ತಿರಲಿಲ್ಲ.

ಏಜೆಂಟ ಕಾಗದ ತಂದ. ‘ಬುಡೇನ್ ಸಾಬ್, ತಂದೆ ಮಸ್ತಾನ್ ಸಾಬ್. ಪೆನ್ಸಿಲಿನ್ ಒಗ್ಗುವುದಿಲ್ಲ. ಏಳನೇ ವಯಸ್ಸಿನಲ್ಲಿ ಚುಚ್ಚಿದಾಗ ಗಂಟಲು ಕಟ್ಟಿ ಪ್ರಾಣ ಉಳಿದದ್ದೇ ಹೆಚ್ಚು. ಹೇಳಿ ಬರೆಸಿದವರು: ತಾಯಿ. ನೋಡಿದ್ದು: ಆರನೇ ಕೋಣೆ, ಸಿಗಲಿಲ್ಲ, ಹದಿನೇಳನೇ ಕೋಣೆ, ಸಿಕ್ಕಿತು.’

ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಣಿಸಿದಾಗ ಹನ್ನೆರಡಕ್ಕೆ ಮೂರು ನಿಮಿಷ. ಸಿಸ್ಟರ್ ಕಾಗದ ಓದಿದರು, ಶಿಲುಬೆಯ ಗುರುತು ಮಾಡಿಕೊಂಡರು, ಸಿದ್ಧವಾಗಿದ್ದ ಸೂಜಿಯನ್ನು ತಟ್ಟೆಗೆ ಹಾಕಿ ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದರು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ಕೂತು ಮನಸಾರೆ ಅತ್ತೆ.

ಬುಡೇನನಿಗೆ ಪೂರ್ತಿ ಎಚ್ಚರವಾದದ್ದು ಅದಾದ ನಾಲ್ಕನೇ ದಿನ. ಗಂಜಿ ಕುಡಿಸುತ್ತ ನಡೆದದ್ದನ್ನೆಲ್ಲ ಹೇಳಿದೆ. ಸಾಯಲಿದ್ದದ್ದು ಕೇಳಿ ಅವನಿಗೆ ಅಷ್ಟೇನೂ ಅನ್ನಿಸಲಿಲ್ಲ. ಇದ್ದಿಲಿನಲ್ಲಿ ಬರೆದೆ ಎಂದಾಗ ಎದ್ದು ಕೂರಲು ನೋಡಿದ.

“ಇದ್ದಿಲಾ? ಅಕ್ಕ, ಒಂದು ಮಳೆ ಬಂದ್ರೆ ಮುಗೀತು! ನಾನು ಬಂದು ಬಣ್ಣ ಕಲಸಿಕೊಡೋ ತನಕ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಏನು ಬರೆದಿದೀರಿ, ಓದಿ.”

ಓದಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, ಎಂದಿನಂತೆ ತಲೆದೂಗಿ, “ಅಚ್ಚುಕಟ್ಟಾಗಿದೆ ಅಕ್ಕ” ಅಂದ.

ನನಗೆ ಎಲ್ಲಿತ್ತೋ ಸಿಟ್ಟು. “ಬಾಯ್ಮುಚ್ಚೋ! ಈ ಜನ್ಮದಲ್ಲಿ ನಿನಗೆ ಇನ್ನೊಂದು ಬೋರ್ಡು ಓದಲ್ಲ ನಾನು. ಹಿಂದಿನದನ್ನೂ ನಿನಗೇ ಓದಿದ್ದು, ನೆನಪಿದೆಯಾ? ಆವತ್ತೂ ಇದನ್ನೇ ಅಂದೆ. ನಿನ್ನನ್ನೇ ಕೊಲ್ಲೋ ಬೋರ್ಡು ಕಣೋ ಅದು, ನೀನೇ ತಲೆ ಆಡಿಸಿದ್ದೆ!”

ಪಕ್ಕದ ಮಂಚದವರು ತಿರುಗಿ ನೋಡಿದರು. ಬುಡೇನ್ ಕಣ್ಣು ಬಿಟ್ಟ.

“ಆವತ್ತು ಅದರಲ್ಲಿ ಏನೂ ಕಮ್ಮಿ ಇದೆ ಅನ್ನಿಸ್ಲಿಲ್ಲ ಅಕ್ಕ” ಅಂದ. “ನನ್ನ ಹೆಸರು ಹದಿನೇಳರಲ್ಲಿದೆ ಅಂತ ನನಗೆ ಗೊತ್ತಿತ್ತಲ್ಲ.”

“ನನಗೂ ಗೊತ್ತಿತ್ತು ಕಣೋ” ಎಂದೆ.

ಲೋಟದ ತಳದಲ್ಲಿ ಉಳಿದಿದ್ದ ಗಂಜಿಯನ್ನು ಕುಡಿಸಿ ಅವನ ಬಾಯಿ ಒರೆಸಿದೆ. ಹೊರಗೆ ನಾಲ್ಕು ಗಂಟೆಯ ಬಸ್ಸಿನ ಹಾರನ್ನು ಕೇಳಿಸಿತು. ಉಳಿದ ನಲವತ್ತು ಬೋರ್ಡುಗಳನ್ನು ಕಾಗದಕ್ಕೆ ಇಳಿಸಿಕೊಂಡಿದ್ದೆ. ಆ ಕಟ್ಟು ತೆಗೆದುಕೊಂಡು ಬಸ್ ಸ್ಟಾಂಡಿಗೆ ಹೊರಟೆ.